ತಿರುಗುವ ಸ್ವಿವೆಲ್ ಇರುವ ಜಿಗ್‌ಗಳಿಗೆ ಪೌಡರ್ ಪೇಂಟ್: ಬಳಸಿ ನೋಡಿದ ಮೇಲೆ

ಮನೆಯಲ್ಲೇ ಸೀಸ ಎರಕ ಹೊಯ್ದು ಮಾಡಿಕೊಂಡ, ಸೀಸದ ತಲೆಯ ಮೀನುಗಾಳಗಳಾದ ಜಿಗ್‌ಗಳಿಗೆ ಈ ಪೌಡರ್ ಪೇಂಟ್ (ಕಾದ ಲೋಹದ ಮೇಲೆ ಕರಗಿ ಅಂಟುವ ಪುಡಿಬಣ್ಣ) ಹಚ್ಚಿ ನೋಡಿದೆ. ಕಲ್ಲಿಗೆ ಬಡಿದರೂ ಸುಲಭವಾಗಿ ಚಕ್ಕೆ ಏಳದ ಇದರ ಗಟ್ಟಿತನ ದ್ರವಬಣ್ಣದಲ್ಲಿ ನನಗೆ ಎಂದೂ ಸಿಕ್ಕಿರಲಿಲ್ಲ. ಆದರೆ ಸ್ವಿವೆಲ್ (ದಾರ ಹುರಿಗೊಳ್ಳದಂತೆ ತಿರುಗುವ ಪುಟ್ಟ ಲೋಹದ ಕೊಂಡಿ) ಕೂಡಿಸಿದ ಜಿಗ್ಗನ್ನು ಕಾಯಿಸಿ ಪುಡಿಯಲ್ಲಿ ಇಡಿಯಾಗಿ ಅದ್ದಿದರೆ, ಜೊತೆಗೇ ಕಾದ ಸ್ವಿವೆಲ್ಲಿನ ಸಂದಿಗೂ ಪುಡಿ ಕರಗಿ ಇಳಿಯುತ್ತದೆ. ನನ್ನ ಮೊದಲ ಜಿಗ್ಗಿನ ಸ್ವಿವೆಲ್ ಹೀಗೆಯೇ ಬೆಸುಗೆ ಹಾಕಿದಂತೆ ಬಿಗಿದುಕೊಂಡಿತು. ಆಮೇಲೆ ಶಾಖ ತಾಳುವ ಟೇಪನ್ನು ಸ್ವಿವೆಲ್ಲಿಗೆ ಸುತ್ತಿ, ಮೃದುವಾದ ಕುಂಚದಿಂದ ಸೀಸದ ತಲೆಯ ಮೇಲೆ ಮಾತ್ರ ಪುಡಿ ಉದುರಿಸಿದೆ. ದಾರ ಕಟ್ಟುವ ಕಣ್ಣಿನಲ್ಲಿ ಉಳಿದ ತೆಳುಪದರವನ್ನು ಓವನ್ನಿನಲ್ಲಿ ಇಡುವ ಮೊದಲೇ ಸೂಜಿಯಿಂದ ಕೆರೆದೆ, ಏಕೆಂದರೆ ಬೆಂದು ಗಟ್ಟಿಯಾದ ಬಣ್ಣ ಸೂಜಿಗೆ ಜಗ್ಗುವುದಿಲ್ಲ. ಸುಮಾರು 175 ಡಿಗ್ರಿ ಸೆಲ್ಸಿಯಸ್‌ನಲ್ಲಿ 20 ನಿಮಿಷ ಬೇಯಿಸಿದೆ; ಸೀಸ ಕರಗುವುದು 327 ಡಿಗ್ರಿಯಲ್ಲಾದ್ದರಿಂದ ಆಕಾರ ಕೆಡಲಿಲ್ಲ. ಅಡುಗೆಯ ಓವನ್ ಮಾತ್ರ ಇದಕ್ಕೆ ಖಂಡಿತ ಬೇಡ. ಬಣ್ಣವನ್ನು ಮನಸಾರೆ ಮೆಚ್ಚುತ್ತೇನೆ. ಡಬ್ಬಿಯ ಮೇಲಿನ ಸೂಚನೆಯಲ್ಲಿ ಸ್ವಿವೆಲ್ಲಿನ ಬಗ್ಗೆ ಒಂದು ಸಾಲಾದರೂ ಇರಬೇಕಿತ್ತು.