ಬೋರ್ಡಿಲ್ಲದ ಲೇತ್ ಅಂಗಡಿ, ಅಪ್ಪನ ಮೂರು ಗಾಲಿ ಗಾಡಿ

ಕಲಬುರಗಿಯಲ್ಲಿ ಗಾಡಿಯ ಶಾಫ್ಟು, ಎಕ್ಸೆಲ್ಲು ಮಾಡಿಸಲು ಒಳ್ಳೆಯ ಲೇತ್ ಅಂಗಡಿ, ಅಂದರೆ ಕಬ್ಬಿಣ ಕಡೆದುಕೊಡುವ ಅಂಗಡಿ, ಯಾವುದು ಅಂತ ಇಬ್ಬರು ಮೂವರು ಕೇಳಿದ್ದರು. ನಾನು ಹೋಗಿದ್ದು ಕಪನೂರ ಕೈಗಾರಿಕಾ ಪ್ರದೇಶದ ಕಡೆಯ ಒಂದು ತಗಡಿನ ಶೆಡ್ಡಿಗೆ. ಹೆಸರು ಹೇಳೋಣವೆಂದರೆ ಅದಕ್ಕೆ ಬೋರ್ಡೇ ಇಲ್ಲ. ಒಳಗೆ ಎರಡು ಲೇತ್, ಒಂದು ಡ್ರಿಲ್, ಒಬ್ಬರು ಚಾಚಾ, ಒಬ್ಬ ವೆಲ್ಡಿಂಗ್ ಹುಡುಗ. ಮೊದಲೇ ಹೇಳಿಬಿಡುತ್ತೇನೆ: ಕೆಲಸಕ್ಕೆ ಐದರಲ್ಲಿ ನಾಲ್ಕೂವರೆ, ಹೇಳಿದ ದಿನಕ್ಕೆ ಕೊಡುವ ವಿಷಯದಲ್ಲಿ ಒಂದು. ಆ ಒಂದೂ ಚಾಚಾ ಕುಡಿಸಿದ ಚಹಾಕ್ಕೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮೇಷ್ಟ್ರು. ಮನೆ ಜೇವರ್ಗಿ ರಸ್ತೆಯಿಂದ ಒಳಗೆ, ನಮ್ಮ ಹೊಲದಲ್ಲೇ ಇದೆ. ಅಪ್ಪನಿಗೆ 74. ಮೊಣಕಾಲು ಸವೆದಿದೆ, ಆದರೂ ದಿನಾ ಹೊಲದ ಆ ತುದಿಗೆ ಹೋಗಿ ದನಕ್ಕೆ ಕಣಿಕಿ ತರಲೇಬೇಕು. ಬೇಡ ಅಂದರೆ ಜಗಳ. ಅದಕ್ಕೇ ಒಂದು ಮೂರು ಗಾಲಿ ಗಾಡಿ ಕಟ್ಟಲು ಹೊರಟೆ. ಮೋಟಾರ್ 1000 ವ್ಯಾಟಿನದು, ಅಂದರೆ ಕಾನೂನಿನ ಲೆಕ್ಕದಲ್ಲಿ ಅದು ಮೋಟಾರು ವಾಹನ. ನೋಂದಣಿ ಇಲ್ಲದೆ ರಸ್ತೆಗೆ ಇಳಿಸುವಂತಿಲ್ಲ, ನಾನು ಇಳಿಸುವುದೂ ಇಲ್ಲ. ಹೊಲದೊಳಗೇ ಓಡಾಟ.

ಮೋಟಾರ್ 48 ವೋಲ್ಟ್, 3000 ಆರ್‌ಪಿಎಂ, ಅಂದರೆ ನಿಮಿಷಕ್ಕೆ 3000 ಸುತ್ತು. ಹಿಂದಿನ ಗಾಲಿ ಸ್ಕೂಟರಿನ 10 ಇಂಚಿನವು, ಟೈರ್ ಸೇರಿ ಅಡ್ಡಳತೆ ಸುಮಾರು 43 ಸೆಂಟಿಮೀಟರ್. ಗಂಟೆಗೆ 25 ಕಿಲೋಮೀಟರ್ ಸಾಕು ಅಂತ ಲೆಕ್ಕ ಹಾಕಿದೆ. ಗಾಲಿ ನಿಮಿಷಕ್ಕೆ 310 ಸುತ್ತಿನ ಆಸುಪಾಸು ತಿರುಗಬೇಕು. ಅಂದರೆ ಮೋಟಾರಿನ ವೇಗವನ್ನು ಹತ್ತಿರ ಹತ್ತಿರ ಹತ್ತು ಪಟ್ಟು ಇಳಿಸಬೇಕು. ಮೋಟಾರಿಗೆ 12 ಹಲ್ಲಿನ ಸ್ಪ್ರಾಕೆಟ್ (ಚೈನು ಕೂರುವ ಹಲ್ಲಿನ ಚಕ್ರ) ಹಾಕಿ ಒಂದೇ ಚೈನಿನಲ್ಲಿ ಇಳಿಸಲು ಹೋದರೆ ಎಕ್ಸೆಲ್ಲಿಗೆ 116 ಹಲ್ಲಿನದು ಬೇಕು. ಅರ್ಧ ಇಂಚು ಪಿಚ್ಚಿನ, ಅಂದರೆ ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು ದೂರ ಇರುವ, ಬೈಕ್ ಚೈನಿಗೆ ಅದರ ಅಡ್ಡಳತೆ 47 ಸೆಂಟಿಮೀಟರ್ ಆಗುತ್ತದೆ. ಟೈರಿಗಿಂತ ಸ್ಪ್ರಾಕೆಟ್ಟೇ ದೊಡ್ಡದು! ನೆಲಕ್ಕೆ ಹಲ್ಲು ಊರಿಕೊಂಡು ಓಡಬೇಕಷ್ಟೇ.

ಹಾಗಾಗಿ ನಡುವೆ ಇನ್ನೊಂದು ಶಾಫ್ಟ್ ಬೇಕಾಯಿತು. 12 ಹಲ್ಲಿನದರಿಂದ 36 ಹಲ್ಲಿನದಕ್ಕೆ ಒಂದು ಚೈನು, ಅಲ್ಲಿಂದ 14ರಿಂದ 45ಕ್ಕೆ ಇನ್ನೊಂದು. ಒಟ್ಟು 9.6 ಪಟ್ಟು. ಕಾಗದದ ಮೇಲೆ ಎಲ್ಲ ಬರೆದುಕೊಂಡು, ಸ್ವಲ್ಪ ಗತ್ತಿನಿಂದಲೇ ಚಾಚಾನ ಮುಂದೆ ಇಟ್ಟೆ.

ಅವರು ಕಾಗದ ನೋಡಲೇ ಇಲ್ಲ. "ಎಲ್ಲಿ ಓಡಸ್ತೀರಿ ಮಾಸ್ತರ್ರೆ?"

"ಹೊಲದಾಗ ಚಾಚಾ."

"ಕರಿ ಮಣ್ಣೇನು?"

"ಹೌದ್ರಿ."

"ಮತ್ತ ಇಷ್ಟು ಸ್ಪೀಡ್ ಏನ್ ಮಾಡ್ತೀರಿ? ಅಪ್ಪಗ ರೇಸ್ ಹಚ್ಚೋದು ಅದೇನು?"

ನಾನು ಕೇಳಲಿಲ್ಲ. ನನ್ನ ಲೆಕ್ಕದಂತೆಯೇ ಮಾಡಿಕೊಡಿ ಅಂದೆ. ನಡುವಿನ ಶಾಫ್ಟಿಗೆ 25 ಮಿಲಿಮೀಟರ್, ಎಕ್ಸೆಲ್ಲಿಗೆ 30 ಮಿಲಿಮೀಟರಿನ ಇಎನ್ 8 ಅನ್ನುವ ಉಕ್ಕಿನ ಸರಳು. ಬೇರಿಂಗ್ ನಾನೇ ತಂದುಕೊಟ್ಟೆ: 25ಕ್ಕೆ ಯುಸಿಪಿ 205, 30ಕ್ಕೆ ಯುಸಿಪಿ 206. ನಾಲ್ಕು ದಿನ ಅಂದರು. ಹತ್ತೊಂಬತ್ತು ದಿನ ಆಯಿತು. ತೊಗರಿ ರಾಶಿಯ ಕಾಲ, ಯಂತ್ರಗಳ ರಿಪೇರಿ ಸಾಲುಗಟ್ಟಿ ನಿಂತಿತ್ತು ಅನ್ನುವುದು ನಿಜವೇ. ಆದರೆ ಫೋನಿನಲ್ಲಿ ಪ್ರತಿ ಸಲ "ನಾಳಿ ಬರ್ರಿ" ಅನ್ನುವ ಬದಲು "ಮುಂದಿನ ವಾರ" ಅಂದಿದ್ದರೆ ನನ್ನ ಪೆಟ್ರೋಲ್ ಉಳಿಯುತ್ತಿತ್ತು.

ಕೆಲಸದಲ್ಲಿ ಎರಡು ತಪ್ಪಾದವು. ಎರಡೂ ಹುಡುಗನ ಕೈಯಿಂದ. ನಡುವಿನ ಶಾಫ್ಟಿನ ಸ್ಪ್ರಾಕೆಟ್ಟಿಗೆ ಕೀ (ಶಾಫ್ಟೂ ಸ್ಪ್ರಾಕೆಟ್ಟೂ ಒಟ್ಟಿಗೇ ತಿರುಗಲಿ ಅಂತ ನಡುವೆ ಕೂರಿಸುವ ಉಕ್ಕಿನ ತುಂಡು) ಕೂರಿಸದೆ, ಬರೀ ಗ್ರಬ್ ಸ್ಕ್ರೂ, ಅಂದರೆ ತಲೆಯಿಲ್ಲದ ಸಣ್ಣ ಸ್ಕ್ರೂ, ಬಿಗಿದು ಕೊಟ್ಟಿದ್ದ. ಖಾಲಿ ಗಾಡಿ ಚೆನ್ನಾಗಿಯೇ ಓಡಿತು. ಎರಡು ಚೀಲ ಹೇರಿದ ತಕ್ಷಣ ಸ್ಕ್ರೂ ಶಾಫ್ಟಿನ ಮೇಲೆ ಗೀರು ಎಳೆದು ಸುಮ್ನೆ ತಿರುಗತೊಡಗಿತು. ಇನ್ನೊಂದು, 45ರ ಸ್ಪ್ರಾಕೆಟ್ಟನ್ನು ಬುಶ್ಶಿಗೆ (ಎಕ್ಸೆಲ್ಲಿನ ಮೇಲೆ ಕೂರುವ ಕೊಳವೆ ತುಂಡು) ಒಂದೇ ಕಡೆಯಿಂದ ಸುತ್ತ ವೆಲ್ಡಿಂಗ್ ಮಾಡಿದ್ದ. ಕಾದ ಕಬ್ಬಿಣ ಆರುವಾಗ ಎಳೆದುಕೊಳ್ಳುತ್ತದೆ ಅಲ್ವಾ, ಹಾಗೆ ಅದು ನಡುವಿನಿಂದ ಸರಿದು ವಾಲಿತ್ತು. ತಿರುಗಿಸಿದರೆ ಚೈನು ಒಮ್ಮೆ ಬಿಗಿ, ಒಮ್ಮೆ ಸಡಿಲ.

ವಾಪಸ್ ಒಯ್ದೆ. ಚಾಚಾ ಲೇತಿಗೆ ಕಟ್ಟಿ, ಓರೆ ಅಳೆಯುವ ಡಯಲ್ ಇಟ್ಟು ನೋಡಿ, "ಔಟ್ ಅದ" ಅಂದರು. ಹುಡುಗನಿಗೆ ನನ್ನ ಮುಂದೆ ಒಂದು ಮಾತೂ ಬೈಯಲಿಲ್ಲ. ವೆಲ್ಡಿಂಗ್ ಕಡಿದು, ಬುಶ್ಶಿಗೆ ಮೆಟ್ಟಿಲು ತೆಗೆದು, ಹೊಸ ಸ್ಪ್ರಾಕೆಟ್ ಕೂರಿಸಿ, ಈ ಸಲ ಎದುರುಬದುರು ನಾಲ್ಕು ಕಡೆ ವೆಲ್ಡಿಂಗಿನ ಚುಕ್ಕಿ ಹಾಕಿ, ಆರಲು ಬಿಟ್ಟು, ಆಮೇಲೆ ತುಂಬಿದರು. ಶಾಫ್ಟಿಗೆ 8 ಮಿಲಿಮೀಟರ್ ಅಗಲದ ಕೀ ಕೂರಿಸಿದರು. ದುಡ್ಡು ತೆಗೆದುಕೊಳ್ಳಲಿಲ್ಲ. ನಾಲ್ಕೂವರೆ ಕೊಟ್ಟಿದ್ದು ಇದಕ್ಕೇ.

ಇನ್ನೊಂದು ಕೆಲಸ ನನಗೆ ಬಹಳ ಹಿಡಿಸಿತು. ಚೌಕಟ್ಟನ್ನು ನೆಲದ ಮೇಲಿಟ್ಟು ಅಳೆಯಲಿಲ್ಲ. ಶೆಡ್ಡಿನ ಮೂಲೆಯಲ್ಲಿ ದೊಡ್ಡದೊಂದು ಶಹಾಬಾದ್ ಪರ್ಸಿ, ಅಂದರೆ ಚಪ್ಪಡಿ ಕಲ್ಲು, ಇದೆ, ಪಾಲಿಶ್ ಮಾಡಿದ್ದು. ಅದರ ಮೇಲೆ ಚೌಕಟ್ಟು ಇಟ್ಟು ಎರಡೂ ಶಾಫ್ಟಿನ ತುದಿಗಳ ಎತ್ತರ ಅಳೆದರು. ಒಂದು ಕಡೆ ಎರಡು ಮಿಲಿಮೀಟರ್ ಜಾಸ್ತಿ ಬಂತು, ಇನ್ನೊಂದು ಕಡೆಯ ಬೇರಿಂಗಿನ ಕೆಳಗೆ ತಗಡು ಕೊಟ್ಟರು. ಆಮೇಲೆ ದೊಡ್ಡ ಸ್ಪ್ರಾಕೆಟ್ಟಿನ ಮುಖಕ್ಕೆ ಉಕ್ಕಿನ ಪಟ್ಟಿ ಒತ್ತಿ ಹಿಡಿದು, ಚಿಕ್ಕದರ ಮುಖಕ್ಕೂ ಅದು ಸಮ ತಾಗುತ್ತದಾ ಅಂತ ನೋಡಿದರು. ಚೈನು ಬಿಗಿಯುವ ವಿಷಯದಲ್ಲೂ ಪಾಠ ಆಯಿತು. ಬೈಕಿನ ಹಾಗೆ ಸಡಿಲ ಬಿಡಲು ಹೊರಟಿದ್ದೆ. ಬೈಕಿನಲ್ಲಿ ಹಿಂದಿನ ಗಾಲಿ ಮೇಲೆ ಕೆಳಗೆ ಆಡುತ್ತದೆ, ಅದಕ್ಕೆ ಅಷ್ಟು ಸಡಿಲ ಬೇಕು. ನನ್ನ ಗಾಡಿಗೆ ಹಿಂದೆ ಶಾಕ್ ಅಬ್ಸಾರ್ಬರ್ರೇ ಇಲ್ಲ. ಎರಡು ಸ್ಪ್ರಾಕೆಟ್ಟಿನ ನಡುವಿನ ಅರ್ಧ ಮೀಟರ್ ದೂರಕ್ಕೆ ಚೈನು ಮಧ್ಯದಲ್ಲಿ ಒಂದು ಸೆಂಟಿಮೀಟರ್ ಆಡಿದರೆ ಸಾಕು. ಅದೂ ಗಾಲಿ ತಿರುಗಿಸುತ್ತಾ ಹೋಗಿ, ಅತಿ ಬಿಗಿ ಇರುವ ಜಾಗದಲ್ಲಿ ನೋಡಬೇಕು. ಚೈನಿನ ಎರಡು ತುದಿ ಸೇರಿಸುವ ಲಾಕಿನ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಓಡುವ ಕಡೆಗೇ ಇರಲಿ. ನಾನು ಉಲ್ಟಾ ಹಾಕಿದ್ದೆ.

ಇನ್ನು ಆ ಸ್ಪೀಡಿನ ಕಥೆ. ಮನೆ ಮುಂದಿನ ಗಟ್ಟಿ ನೆಲದಲ್ಲಿ ಗಾಡಿ ಜುಮ್ಮಂತ ಓಡಿತು. ಕಣಿಕಿ ಹೇರಿ, ಅಪ್ಪನನ್ನು ಕೂರಿಸಿ, ಕರಿ ಮಣ್ಣಿಗೆ ಇಳಿಸಿದೆ. ಹತ್ತು ಮಾರು ಹೋಗಿ ಗುರ್ ಅಂದು ನಿಂತಿತು. ಮೋಟಾರಿಗೆ ಕರೆಂಟ್ ಬಿಡುವ ಕಂಟ್ರೋಲರ್ ಕಟ್ ಆಗಿತ್ತು, ಮೋಟಾರ್ ಕೈ ಇಡಲಾಗದಷ್ಟು ಬಿಸಿ. ಅಪ್ಪ ಇಳಿದು ನಡೆದುಕೊಂಡೇ ಹೋದರು. ಹೋಗುವಾಗ ಒಮ್ಮೆ ತಿರುಗಿ ನೋಡಿದರು, ಅಷ್ಟೇ.

ಮರುದಿನ ಚಾಚಾನ ಹತ್ತಿರ ಹೋದೆ. ನಗಲಿಲ್ಲ, ಪುಣ್ಯ. 36 ತೆಗೆದು 48 ಹಾಕಿದರು. ಮೊದಲ ಚೈನಿಗೆ ಆರು ಕೊಂಡಿ ಸೇರಿಸಿದೆವು, ಮೋಟಾರನ್ನು ಚೂರು ಒಳಗೆ ಸರಿಸಿದೆವು. ಈಗ ಒಟ್ಟು ಇಳಿಕೆ 12.9 ಪಟ್ಟು. ವೇಗ 25ರಿಂದ 19ಕ್ಕೆ ಬಂತು, ಎಳೆಯುವ ಬಲ ಮೂರರಲ್ಲಿ ಒಂದು ಪಾಲು ಹೆಚ್ಚಾಯಿತು. ಒಣ ಮಣ್ಣಿನಲ್ಲಿ ಈಗ ನಿಲ್ಲುವುದಿಲ್ಲ. ಮಳೆ ಬಿದ್ದ ಮೇಲೆ ಕೇಳಬೇಡಿ, ಆಗ ಆ ಮಣ್ಣು ಎತ್ತಿನ ಬಂಡಿಯನ್ನೂ ಬಿಡುವುದಿಲ್ಲ.

ಎರಡೂ ಹಿಂದಿನ ಗಾಲಿಗೆ ಕೀ ಹಾಕಿಸೋಣವೆಂದಿದ್ದೆ. ಚಾಚಾ ಬೇಡವೆಂದರು. ತಿರುವಿನಲ್ಲಿ ಹೊರಗಿನ ಗಾಲಿ ಜಾಸ್ತಿ ದೂರ ಓಡಬೇಕು. ಒಂದೇ ಎಕ್ಸೆಲ್ಲಿಗೆ ಎರಡನ್ನೂ ಬಿಗಿದರೆ ಗಾಡಿ ತಿರುಗುವ ಬದಲು ನೆಟ್ಟಗೆ ತಳ್ಳುತ್ತದೆ. ಎರಡು ಗಾಲಿ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್, ಇ-ರಿಕ್ಷಾದ ಹಳೆಯದು, ಸಿಕ್ಕರೆ ಒಳ್ಳೆಯದೇ, ಆದರೆ ನನ್ನ ಚೌಕಟ್ಟಿನ ಅಗಲಕ್ಕೆ ಅದು ಹೊಂದಲಿಲ್ಲ. ಕೊನೆಗೆ ಎಡಗಾಲಿಗೆ ಕೀ, ಬಲಗಾಲಿ ಬೇರಿಂಗಿನ ಮೇಲೆ ಸ್ವತಂತ್ರ. ಎಳೆಯುವ ಗಾಲಿ ಜಾರದಿರಲಿ ಅಂತ ನಾಲ್ಕೂ ಬ್ಯಾಟರಿ ಎಡಕ್ಕೇ ಇಟ್ಟೆವು. ಹೊರಡುವಾಗ ಹ್ಯಾಂಡಲ್ ಸ್ವಲ್ಪ ಬಲಕ್ಕೆ ಎಳೆಯುತ್ತದೆ. ಅಪ್ಪನಿಗೆ ಎರಡು ದಿನದಲ್ಲಿ ರೂಢಿ ಆಯಿತು, ನನಗೆ ಇನ್ನೂ ಆಗಿಲ್ಲ.

ತೊಗರಿ ಕೊಯ್ದ ಹೊಲದಲ್ಲಿ ಕೂಳೆ ಚೂಪಾಗಿ ನಿಂತಿರುತ್ತದೆ. 45ರ ಸ್ಪ್ರಾಕೆಟ್ಟಿನ ಕೆಳಗೆ ನೆಲಕ್ಕೆ ಉಳಿಯುವುದು ಒಂದು ಗೇಣಿಗಿಂತ ಕಡಿಮೆ. ನಾನು ಕೇಳದಿದ್ದರೂ ಚಾಚಾ ಅಲ್ಲಿಗೊಂದು ತಗಡಿನ ಕವಚ ಮಾಡಿ ಕೊಟ್ಟರು. ಚೈನಿಗೆ ಗ್ರೀಸ್ ಬಳಿಯಬೇಡಿ ಅಂದರು, ಧೂಳು ಹಿಡಿದು ಅರದ ಹಾಗೆ ಹಲ್ಲು ತಿನ್ನುತ್ತದಂತೆ. ತೆಳುವಾಗಿ ಎಣ್ಣೆ ಬಿಟ್ಟು ಬಟ್ಟೆಯಲ್ಲಿ ಒರೆಸುತ್ತಿದ್ದೇನೆ.

ಲೇತ್ ಕೂಲಿ, ವೆಲ್ಡಿಂಗ್ ಎಲ್ಲ ಸೇರಿ 4,200 ರೂಪಾಯಿ ಕೊಟ್ಟೆ. ಸರಳು, ಬೇರಿಂಗು, ಚೈನು ಬೇರೆ. ಬಿಲ್ ಕೇಳಿದರೆ ಸಿಗರೇಟ್ ಪ್ಯಾಕಿನ ಹಿಂದೆ ಬರೆದು ಕೊಡುತ್ತಾರೆ. ಹೋಗುವವರು ಸ್ಪ್ರಾಕೆಟ್ಟನ್ನೂ ಒಂದು ತುಂಡು ಚೈನನ್ನೂ ಜೊತೆಗೆ ಒಯ್ಯಿರಿ, ಬಾಯಲ್ಲಿ ಅಳತೆ ಹೇಳಬೇಡಿ. ಸೈಕಲ್ ಚೈನಿನದೂ ಅರ್ಧ ಇಂಚು ಪಿಚ್ಚೇ, ಅಗಲ ಮಾತ್ರ ಬೇರೆ. ಅಲ್ಲೇ ಮೋಸ ಹೋಗುವುದು. ವೆಲ್ಡಿಂಗ್ ಚಾಚಾನೇ ಮಾಡಲಿ ಅಂತ ಮೊದಲೇ ಹೇಳಿ. ಬೆಳಿಗ್ಗೆ ಹತ್ತಕ್ಕೆ, ಟ್ರ್ಯಾಕ್ಟರಿನವರು ಬರುವ ಮುಂಚೆ ಹೋದರೆ ಕೂತು ಮಾತಾಡುತ್ತಾರೆ. ಶುಕ್ರವಾರ ಮಧ್ಯಾಹ್ನ ಬಂದ್.