ಒಂದೇ ಹೃದಯ, ಮೂರು ಬಗೆಯ ಪೇಸಿಂಗ್

ನನ್ನ ಎದೆಯಲ್ಲಿ ಹನ್ನೆರಡು ವರ್ಷಗಳಲ್ಲಿ ಮೂರು ಬಗೆಯ ಪೇಸಿಂಗ್, ಅಂದರೆ ಮೆಷಿನ್‌ನಿಂದ ತಂತಿಯ ಮೂಲಕ ಕರೆಂಟು ಕೊಟ್ಟು ಹೃದಯ ಬಡಿಸುವ ಕೆಲಸ, ನಡೆದಿದೆ. ಹೃದಯ ಅದೇ, ತಂತಿ ಕೂತ ಜಾಗ ಮಾತ್ರ ಬೇರೆ. ನಮ್ಮ ಅಡಿಕೆ ತೋಟದಿಂದ ಮನೆಯಂಗಳಕ್ಕೆ 64 ಮೆಟ್ಟಿಲು. ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್ ಏನೇ ಹೇಳಲಿ, ಆ ಮೆಟ್ಟಿಲಲ್ಲಿ ಎಷ್ಟು ಸಲ ನಿಲ್ಲಬೇಕಾಗುತ್ತದೆ ಅನ್ನೋದೇ ನನ್ನ ಅಳತೆ.

2011ರಲ್ಲಿ ತೋಟದಲ್ಲೇ ತಲೆಸುತ್ತಿ ಬಿದ್ದೆ. ಆಸ್ಪತ್ರೆಗೆ ಹೋದಾಗ ನಾಡಿ ನಿಮಿಷಕ್ಕೆ 34. ಕಂಪ್ಲೀಟ್ ಹಾರ್ಟ್ ಬ್ಲಾಕ್. ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಕರೆಂಟೇ ಇಳಿಯುತ್ತಿರಲಿಲ್ಲ. ಎರಡು ತಂತಿಯ ಪೇಸ್‌ಮೇಕರ್ ಹಾಕಿದರು. ಒಂದು ತಂತಿ ಬಲಗಡೆಯ ಮೇಲಿನ ಕೋಣೆಗೆ, ಇನ್ನೊಂದು ಬಲಗಡೆಯ ಕೆಳಗಿನ ಕೋಣೆಯ ತುದಿಗೆ. ಇದು ಎಲ್ಲಕ್ಕಿಂತ ಹಳೆಯ, ಸುಲಭದ ದಾರಿ. ಒಂದು ಗಂಟೆಯೊಳಗೆ ಮುಗಿಯಿತು. ಮೂರನೇ ದಿನ ಮನೆಗೆ ಬಂದೆ. ತಿಂಗಳೊಳಗೆ 64 ಮೆಟ್ಟಿಲನ್ನೂ ಒಂದೇ ಉಸಿರಿಗೆ ಹತ್ತಿದೆ. ಈ ವಿಧಾನದ ತಪ್ಪುಗಳನ್ನು ಮುಂದೆ ಹೇಳುತ್ತೇನೆ. ಆದರೆ ಅವತ್ತು ನನ್ನ ಜೀವ ಉಳಿಸಿದ್ದು ಅದೇ.

ತೊಂದರೆ ನಿಧಾನವಾಗಿ ಬಂತು. ಹೃದಯಕ್ಕೆ ತನ್ನದೇ ವೈರಿಂಗ್ ಇದೆ. ಆ ವೈರಿಂಗ್ ಮೂಲಕ ಕರೆಂಟು ಹರಿದರೆ ಎಡ ಬಲ ಎರಡೂ ಕೋಣೆಗಳು ಒಟ್ಟಿಗೆ ಹಿಂಡುತ್ತವೆ. ಬಲಕೋಣೆಯ ತುದಿಯಿಂದ ಹೊರಟ ಕರೆಂಟು ಆ ವೈರಿಂಗ್ ಬಿಟ್ಟು ಮಾಂಸದೊಳಗೇ ತೆವಳುತ್ತಾ ಹೋಗುತ್ತದೆ. ಬಲಗಡೆ ಮೊದಲು, ಎಡಗಡೆ ತಡವಾಗಿ. ಇಸಿಜಿಯಲ್ಲಿ ಕ್ಯೂಆರ್‌ಎಸ್ ಅಗಲ, ಅಂದರೆ ಕೆಳಗಿನ ಕೋಣೆಗಳಿಗೆಲ್ಲ ಕರೆಂಟು ಹರಡಲು ಹಿಡಿಯುವ ಸಮಯ, ಸಾಮಾನ್ಯವಾಗಿ 120 ಮಿಲಿಸೆಕೆಂಡಿನ ಒಳಗಿರುತ್ತದೆ. ನನ್ನದು 180 ಇತ್ತು. ಬ್ಲಾಕ್ ಪೂರ್ತಿ ಇದ್ದದ್ದರಿಂದ ಪ್ರತಿ ಬಡಿತವೂ ಮೆಷಿನ್‌ನದ್ದೇ. ದಿನಕ್ಕೆ ಒಂದು ಲಕ್ಷ ಸಲ ಹೀಗೆ ಓರೆಯಾಗಿ ಹಿಂಡಿದರೆ ಏನಾಗಬೇಡ?

2017ರ ಹೊತ್ತಿಗೆ ಮೆಟ್ಟಿಲಲ್ಲಿ ಮೂರು ಕಡೆ ನಿಲ್ಲುತ್ತಿದ್ದೆ. ಕಾಲು ಊದುತ್ತಿತ್ತು. ರಾತ್ರಿ ದಿಂಬು ಎತ್ತರಿಸಿಕೊಂಡು ಮಲಗಬೇಕಿತ್ತು. ನಾನು ಹೋಗುತ್ತಿದ್ದ ಆಸ್ಪತ್ರೆಯಲ್ಲಿ ಪ್ರತಿ ವರ್ಷ ಬ್ಯಾಟರಿ ನೋಡಿ ಕಳಿಸುತ್ತಿದ್ದರು. ಆರು ವರ್ಷ ಒಂದೇ ಒಂದು ಎಕೋ ಮಾಡಿರಲಿಲ್ಲ. ಈ ನೋವು ನನಗೆ ಇನ್ನೂ ಇದೆ. ಕೊನೆಗೆ ಬೇರೆ ಕಡೆ ಎಕೋ ಮಾಡಿಸಿದಾಗ, ಮೊದಲು 60 ಇದ್ದ ಇಎಫ್ (ಎಡಕೋಣೆ ತನ್ನಲ್ಲಿನ ರಕ್ತದಲ್ಲಿ ನೂರಕ್ಕೆ ಎಷ್ಟನ್ನು ಪ್ರತಿ ಬಡಿತಕ್ಕೆ ಹೊರದೂಡುತ್ತದೆ ಅನ್ನೋ ಲೆಕ್ಕ) 32ಕ್ಕೆ ಇಳಿದಿತ್ತು. ರಕ್ತನಾಳಗಳಲ್ಲಿ ಬ್ಲಾಕ್ ಇರಲಿಲ್ಲ. ಹೃದಯವನ್ನು ದುರ್ಬಲ ಮಾಡಿದ್ದು ಪೇಸಿಂಗೇ.

ಇದು ಎಲ್ಲರಿಗೂ ಆಗುವುದಿಲ್ಲ, ಗಾಬರಿ ಬೇಡ. ಬಹಳಷ್ಟು ಜನ ಬಲಕೋಣೆಯ ತಂತಿಯಲ್ಲೇ ಜೀವನವಿಡೀ ಚೆನ್ನಾಗಿರುತ್ತಾರೆ. ಆದರೆ ಮೊದಲೇ ದುರ್ಬಲವಾದ ಹೃದಯಕ್ಕೆ ಈ ಪೇಸಿಂಗ್ ಹೊರೆಯಾಗುತ್ತದೆ ಅಂತ ಅಮೆರಿಕದ ಡೇವಿಡ್ ಹೆಸರಿನ ಅಧ್ಯಯನ 2002ರಲ್ಲೇ ತೋರಿಸಿತ್ತು. ಇಎಫ್ 50 ಅಥವಾ ಅದಕ್ಕಿಂತ ಕಮ್ಮಿ ಇರುವ ಹಾರ್ಟ್ ಬ್ಲಾಕ್ ರೋಗಿಗಳಿಗೆ ಎಡ ಬಲ ಎರಡೂ ಕೆಳಗಿನ ಕೋಣೆಗಳ ಪೇಸಿಂಗೇ ಮೇಲು ಅಂತ ಬ್ಲಾಕ್ ಎಚ್‌ಎಫ್ ಅಧ್ಯಯನ ಹೇಳಿದ್ದು 2013ರಲ್ಲಿ. 2011ರಲ್ಲಿ ನನ್ನ ಇಎಫ್ 60. ಹಾಗಾಗಿ ಅವತ್ತಿನ ಆಯ್ಕೆ ತಪ್ಪು ಅನ್ನಲಾರೆ. ಆಮೇಲೆ ನೋಡದೇ ಬಿಟ್ಟದ್ದು ತಪ್ಪು.

2018ರಲ್ಲಿ ಸಿಆರ್‌ಟಿ ಮಾಡಿಸಿಕೊಂಡೆ, ಅಂದರೆ ಆ ಎರಡೂ ಕೋಣೆಗಳ ಪೇಸಿಂಗ್. ಮೂರನೇ ತಂತಿಯನ್ನು ಹೃದಯದ ಹಿಂಬದಿಯ ರಕ್ತನಾಳದೊಳಗಿಂದ ತೂರಿಸಿ ಎಡಕೋಣೆಯ ಹೊರಮೈಗೆ ತಲುಪಿಸುತ್ತಾರೆ. ಎಡ ಬಲ ಎರಡೂ ಕಡೆಯಿಂದ ಒಟ್ಟಿಗೆ ಕರೆಂಟು. ಸುಲಭದ ಕೆಲಸವಲ್ಲ. ಮೂರು ಗಂಟೆ ಹಿಡಿಯಿತು. ತಂತಿ ಕೂರಿಸಬೇಕು ಅಂತಿದ್ದ ರಕ್ತನಾಳದ ಕವಲು ತುಂಬಾ ಸಣ್ಣದಿತ್ತು. ಅದರ ಪಕ್ಕದ್ದರಲ್ಲಿ ಕೂರಿಸಿದರು. ಮನೆಗೆ ಬಂದ ಮೇಲೆ ಎಡಮಗ್ಗುಲಾದರೆ ಸಾಕು, ಹೊಟ್ಟೆಯ ಮೇಲ್ಭಾಗ ಬಿಕ್ಕಳಿಕೆಯ ಹಾಗೆ ಕುಟುಕುತ್ತಿತ್ತು. ಬಡಿತಕ್ಕೊಂದು ಕುಟುಕು. ತಂತಿಯ ಪಕ್ಕದಲ್ಲೇ ವಪೆಗೆ (ಎದೆ ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಹೋಗುವ ನರವಿದೆ, ಅದಕ್ಕೂ ಕರೆಂಟು ತಾಗುತ್ತಿತ್ತಂತೆ. ಎರಡು ಸಲ ಪ್ರೋಗ್ರಾಮ್ ಬದಲಿಸಿದ ಮೇಲೆ ನಿಂತಿತು.

ಫಲ ಸಿಕ್ಕಿತು. ಕ್ಯೂಆರ್‌ಎಸ್ 150ಕ್ಕೆ ಬಂತು. ವರ್ಷದೊಳಗೆ ಇಎಫ್ 40. ಮೆಟ್ಟಿಲಲ್ಲಿ ಒಂದೇ ಕಡೆ ನಿಲ್ಲುತ್ತಿದ್ದೆ. ಆದರೆ ಅದೇ ಸಮಯದಲ್ಲಿ ಹೊಸ ಮಾತ್ರೆಗಳನ್ನೂ ಶುರು ಮಾಡಿದ್ದರು. ಯಾವುದರಿಂದ ಎಷ್ಟು ಅಂತ ಬಿಡಿಸಿ ಹೇಳಲಾಗದು. ಅಲ್ಲಿಂದ ಮುಂದೆ ನಾಲ್ಕು ವರ್ಷ ಇಎಫ್ 40ರಿಂದ ಅಲ್ಲಾಡಲಿಲ್ಲ. ಎಡ ತಂತಿಗೆ ವೋಲ್ಟೇಜ್ ಜಾಸ್ತಿ ಬೇಕಿತ್ತು. ಐದು ವರ್ಷಕ್ಕೇ ಬ್ಯಾಟರಿ ಮುಗಿಯಿತು.

2023ರಲ್ಲಿ ಬೇರೆ ಡಾಕ್ಟರು ಹೃದಯದ ಸ್ವಂತ ವೈರಿಂಗನ್ನೇ ಹಿಡಿದು ಪೇಸ್ ಮಾಡೋಣ ಅಂದರು. ಎಡಗಡೆಯ ವೈರಿಂಗ್‌ನಲ್ಲೇ ತಡೆಯಿರುವ ಹಾರ್ಟ್ ಫೇಲ್ಯೂರ್ ರೋಗಿಗೆ ಆ ತಡೆ ದಾಟಿ ಹೀಗೆ ವೈರಿಂಗ್‌ನ ಎಡ ಕವಲನ್ನು ಪೇಸ್ ಮಾಡಬಹುದು ಅಂತ ಮೊದಲು ತೋರಿಸಿದ್ದು ಚೀನಾದ ವೆನ್‌ಝೌ ಊರಿನ ಡಾ. ಹುವಾಂಗ್ ವೇಯ್‌ಜಿಯಾನ್ ತಂಡ, 2017ರಲ್ಲಿ. ನಮ್ಮ ಪಕ್ಕದ ತಮಿಳುನಾಡಿನ ಮದುರೈಯಲ್ಲೂ ಈ ಕೆಲಸ ಬಹಳ ನಡೆದಿದೆ.

ಆಪರೇಷನ್ ಹೊತ್ತಿನಲ್ಲಿ ನನಗೆ ಎಚ್ಚರವಿತ್ತು. ಡಾಕ್ಟರು ಮೊದಲು ಹಿಸ್ ಬಂಡಲ್ ಪ್ರಯತ್ನಿಸಿದರು. ಅದು ವೈರಿಂಗ್‌ನ ಮೇಲಿನ ಬುಡ. ತಂತಿಯೇನೋ ಸಿಕ್ಕಿಕೊಂಡಿತು, ಆದರೆ 3.5 ವೋಲ್ಟ್ ಬೇಕಿತ್ತು. ಬ್ಯಾಟರಿ ಮತ್ತೆ ಬೇಗ ಮುಗಿಯುತ್ತಿತ್ತು. ಡಾಕ್ಟರು ಅದನ್ನು ಬಿಟ್ಟು ಸ್ವಲ್ಪ ಕೆಳಗಿಳಿದರು. ಎರಡು ಕೋಣೆಗಳ ನಡುಗೋಡೆಗೆ ಬಲಗಡೆಯಿಂದ ತಂತಿಯನ್ನು ತಿರುಪಿನ ಹಾಗೆ ತಿರುಗಿಸುತ್ತಾ ಎಡಬದಿಯ ಹತ್ತಿರ, ಆ ಎಡ ಕವಲಿನವರೆಗೆ ಒಯ್ದರು. ಪ್ರತಿ ಸುತ್ತಿಗೂ ಇಸಿಜಿಯ ಆಕಾರ ಬದಲಾಗುತ್ತಿತ್ತು. "ಸಾಕು, ನಿಲ್ಲಿಸಿ" ಅಂದರು. 0.6 ವೋಲ್ಟ್. ಕ್ಯೂಆರ್‌ಎಸ್ 116.

ಹನ್ನೆರಡು ವರ್ಷದಲ್ಲಿ ನಾನು ಆ ಸಂಖ್ಯೆ ಕಂಡಿರಲಿಲ್ಲ. ಮಲಗಿದ್ದಲ್ಲೇ ಕಣ್ಣು ತುಂಬಿತು.

ಎಂಟು ತಿಂಗಳ ನಂತರ ಇಎಫ್ 52. ಈ ಸಲ ಒಂದು ಮಾತ್ರೆಯೂ ಬದಲಾಗಿರಲಿಲ್ಲ. ಹಾಗಾಗಿ ಈ 12 ಅಂಕದ ಲೆಕ್ಕವನ್ನು ತಂತಿಗೇ ಬರೆಯುತ್ತೇನೆ. ಮೆಟ್ಟಿಲಲ್ಲಿ ಈಗ ಎಲ್ಲೂ ನಿಲ್ಲುವುದಿಲ್ಲ. ಸಾಮಾನ್ಯ ಎರಡು ತಂತಿಯ ಪೇಸ್‌ಮೇಕರ್ ಸಾಕಾಗಿದ್ದರಿಂದ ಖರ್ಚೂ ಸಿಆರ್‌ಟಿಗಿಂತ ಬಹಳ ಕಮ್ಮಿ ಬಂತು.

ಹಾಗಂತ ಸಿಆರ್‌ಟಿ ಬೇಡವೇ ಬೇಡ ಅಂತ ಹೇಳಲು ನನಗೆ ಧೈರ್ಯವಿಲ್ಲ. ಅದು ಜೀವ ಉಳಿಸುತ್ತದೆ ಅಂತ 2005ರಲ್ಲೇ ಕೇರ್ ಎಚ್‌ಎಫ್ ಅಧ್ಯಯನ 813 ರೋಗಿಗಳಲ್ಲಿ ತೋರಿಸಿದೆ. ಎಡ ಕವಲಿನ ಪೇಸಿಂಗ್‌ಗೆ ಅಷ್ಟು ಹಳೆಯ ಸಾಕ್ಷಿ ಇಲ್ಲ. 2023ರಲ್ಲಿ 1,778 ರೋಗಿಗಳನ್ನು ಹೋಲಿಸಿದ ವರದಿಯಲ್ಲಿ ಸತ್ತವರು ಅಥವಾ ಹಾರ್ಟ್ ಫೇಲ್ಯೂರ್‌ಗಾಗಿ ಆಸ್ಪತ್ರೆ ಸೇರಿದವರು ಎಡ ಕವಲಿನ ಗುಂಪಿನಲ್ಲಿ ನೂರಕ್ಕೆ 20.8, ಸಿಆರ್‌ಟಿ ಗುಂಪಿನಲ್ಲಿ 28. ಆದರೆ ಅಲ್ಲಿ ಚೀಟಿ ಎತ್ತಿದ ಹಾಗೆ ಗುಂಪು ಮಾಡಿರಲಿಲ್ಲ. ಹಾಗೆ ಮಾಡಿದ 2022ರ ಚೀನಾದ ಅಧ್ಯಯನದಲ್ಲೂ ಎಡ ಕವಲಿಗೇ ಇಎಫ್ ಹೆಚ್ಚು ಏರಿತು, ಆದರೆ ಇದ್ದವರು 40 ಜನ ಮಾತ್ರ. ಹಾರ್ಟ್ ಅಟ್ಯಾಕ್ ಆಗಿ ನಡುಗೋಡೆಯಲ್ಲೇ ಗಾಯದ ಕಲೆ ಇದ್ದವರಿಗೆ ತಿರುಪು ಒಳಗೆ ಹೋಗುವುದೇ ಕಷ್ಟ. ಅಂಥವರಿಗೆ ಸಿಆರ್‌ಟಿಯೇ ಸರಿಯಾಗಬಹುದು.

ನನ್ನ ಹಾಗೆ ಪೂರ್ತಿ ಬ್ಲಾಕ್ ಇದ್ದು, ಮೊದಲ ಸಲ ಪೇಸ್‌ಮೇಕರ್ ಹಾಕಿಸಿಕೊಳ್ಳುವವರು ನನ್ನನ್ನು ಕೇಳಿದರೆ ನಾನು ಎಡ ಕವಲನ್ನೇ ಹೇಳುತ್ತೇನೆ, ಅದರಲ್ಲಿ ಕೈ ಪಳಗಿದ ಡಾಕ್ಟರು ಸಿಕ್ಕಿದರೆ ಮಾತ್ರ. ಬಲಕೋಣೆಗೇ ಹಾಕಿದರೂ ನೂರು ಬಡಿತದಲ್ಲಿ ಮೆಷಿನ್‌ನದ್ದು ಎಷ್ಟು ಅಂತ ಪ್ರತಿ ಚೆಕ್‌ನಲ್ಲಿ ಕೇಳಿ. ಜಾಸ್ತಿ ಇದ್ದರೆ ಆಗಾಗ ಎಕೋ ಮಾಡಿಸಿ.

ಬಲಕೋಣೆಯ ಹಳೆ ತಂತಿ, ಸಿಆರ್‌ಟಿಯ ಎಡ ತಂತಿ ಎರಡೂ ಈಗ ಕೆಲಸವಿಲ್ಲದೆ ನನ್ನ ಎದೆಯಲ್ಲೇ ಉಳಿದಿವೆ. ತುದಿಗೆ ಟೋಪಿ ಹಾಕಿ ಚರ್ಮದಡಿ ಬಿಟ್ಟಿದ್ದಾರೆ. ಎಳೆದು ತೆಗೆಯುವುದು ಅಪಾಯ. ಮುಂದೆ ಎಂಆರ್‌ಐ ಬೇಕಾದರೆ ಇದನ್ನು ಮೊದಲೇ ಹೇಳಬೇಕು. ಪೇಸ್‌ಮೇಕರ್ ಕಾರ್ಡಿನ ಹಿಂಬದಿಯಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ.