ಕಾರ್ಪೆಟ್ಟಿನ ಸುಕ್ಕು ತೆಗೆಸುವ ಮೊದಲು ಅದರ ಬೆನ್ನಿನ ಚೀಟಿ ಓದಿ

ಚಿಕ್ಕಮಗಳೂರಿನಲ್ಲಿ ಮನೆಗೇ ಬಂದು ಸೋಫಾ, ಕಾರ್ಪೆಟ್ ಶುಚಿಮಾಡಿಕೊಡುವವರು ಈಗ ಹಲವರಿದ್ದಾರೆ. ಅವರಲ್ಲೊಬ್ಬರು ನಮ್ಮ ಹೊಸ ಕಾರ್ಪೆಟ್ಟನ್ನು ಸುಟ್ಟುಹಾಕಿದರು. ಕೊಟ್ಟ ಮುಂಗಡವೂ ವಾಪಸು ಬರಲಿಲ್ಲ. ಹೆಸರು ಹಾಕುವುದಿಲ್ಲ. ಆದರೆ ನಡೆದದ್ದನ್ನು ವಿವರವಾಗಿ ಬರೆಯುತ್ತೇನೆ. ಇದೇ ಕೆಲಸವನ್ನು ಇದೇ ರೀತಿ ಮಾಡುವವರು ಬೇರೆಯವರೂ ಇರುತ್ತಾರೆ ಎಂಬ ಭಯ ನನಗಿದೆ.

ಆನ್‌ಲೈನಿನಲ್ಲಿ ತರಿಸಿದ ಕಾರ್ಪೆಟ್ ಅದು. ಆರು ಅಡಿ ಅಗಲ, ಒಂಬತ್ತು ಅಡಿ ಉದ್ದ. ಸುರುಳಿ ಸುತ್ತಿ ಕಳಿಸಬೇಕಾದದ್ದನ್ನು ಮಡಚಿ, ಗಾಳಿ ತೆಗೆದ ಪ್ಲಾಸ್ಟಿಕ್ ಚೀಲದಲ್ಲಿ ಅದುಮಿ ಕಳಿಸಿದ್ದರು. ಹಾಸಿದರೆ ಅಡ್ಡಡ್ಡಲಾಗಿ ಮಡಿಕೆಗಳು ಎದ್ದು ನಿಂತಿದ್ದವು, ಬಾಗಿಲ ಕಡೆಯ ಮೂಲೆ ಮೇಲಕ್ಕೆ ಮುದುರಿಕೊಂಡಿತ್ತು. ನಮ್ಮ ಅತ್ತೆಗೆ ಮಂಡಿನೋವು, ಕಾಲನ್ನು ಎಳೆದೇ ನಡೆಯುತ್ತಾರೆ. ಅವರು ಆ ಮೂಲೆಗೆ ಎಡವಿ ಗೋಡೆ ಹಿಡಿದು ನಿಂತದ್ದನ್ನು ನೋಡಿದ ಮೇಲೆ ತಡಮಾಡಲು ಮನಸ್ಸಾಗಲಿಲ್ಲ. ಆಷಾಢದ ಮಳೆ ಹಿಡಿದಿತ್ತು, ಬಿಸಿಲಿಗೆ ಹಾಕುವ ಮಾತೇ ಇರಲಿಲ್ಲ. ಫೋನ್ ಮಾಡಿದೆವು.

ಬಂದವರು ಇಬ್ಬರು ಹುಡುಗರು. ಅವರ ಮೇಲೆ ನನಗೆ ಕೋಪವಿಲ್ಲ. ಏನನ್ನೂ ಕಲಿಸದೆ ಕೆಲಸಕ್ಕೆ ಅಟ್ಟಿದ ಮಾಲೀಕರ ಮೇಲಿದೆ. ಹಬೆ ಬಿಡುವ ಇಸ್ತ್ರಿಪೆಟ್ಟಿಗೆ ತಂದಿದ್ದರು. ‘ಮೊದಲು ಒಂದು ಮೂಲೆಯಲ್ಲಿ ನೋಡಿ ಮಾಡಿ’ ಎಂದೆ. ‘ಜಮಖಾನಕ್ಕೆಲ್ಲ ನಾವು ಹೀಗೇ ಮಾಡುವುದು ಮೇಡಂ, ಏನೂ ಆಗುವುದಿಲ್ಲ’ ಎಂದವರೇ ಶಾಖದ ಗುಂಡಿಯನ್ನು ಹತ್ತಿಬಟ್ಟೆಯ ಗುರುತಿಗೆ ತಿರುಗಿಸಿ, ನಡುಮಧ್ಯದ ಮಡಿಕೆಯ ಮೇಲೆ, ಅದೂ ಮುಂಬದಿಯಲ್ಲೇ, ಪೆಟ್ಟಿಗೆಯನ್ನು ಊರಿದರು. ಚುರ್ ಎಂದಿತು. ಪ್ಲಾಸ್ಟಿಕ್ ಸುಟ್ಟ ವಾಸನೆ ಮನೆಯೆಲ್ಲ ತುಂಬಿತು. ಎತ್ತಿ ನೋಡಿದರೆ ಎಳೆಗಳೆಲ್ಲ ಕರಗಿ ಒಂದಕ್ಕೊಂದು ಅಂಟಿ, ಹೊಳೆಯುವ ಗಟ್ಟಿ ಪಟ್ಟಿಯಾಗಿದ್ದವು. ಬರಿಗಾಲಿಗೆ ಚುಚ್ಚುತ್ತಿತ್ತು. ನಾನು ಬೇಡ ಬೇಡ ಎನ್ನುತ್ತಿದ್ದಂತೆಯೇ, ನೀರು ಸಾಲದೆ ಹೀಗಾಯಿತೆಂದು ಅವರು ಕಾರ್ಪೆಟ್ಟನ್ನು ಮಗುಚಿ ಬೆನ್ನಿಗೆಲ್ಲ ನೀರು ಸಿಂಪಡಿಸಿದರು.

ತಪ್ಪಿನ ಬೇರು ಆ ಜಮಖಾನದ ಮಾತಿನಲ್ಲೇ ಇದೆ. ನಮ್ಮ ನವಲಗುಂದದ ಜಮಖಾನ ಹತ್ತಿಯದು, ಶಾಖ ತಡೆಯುತ್ತದೆ. ಈಗ ಕಡಿಮೆ ಬೆಲೆಗೆ ಸಿಗುವ ಯಂತ್ರದಲ್ಲಿ ನೇಯ್ದ ಕಾರ್ಪೆಟ್ಟುಗಳಲ್ಲಿ ಬಹಳಷ್ಟು ಪಾಲಿಪ್ರೊಪಿಲೀನ್‌ನವು. ಚೀಟಿಯಲ್ಲಿ ಕೆಲವೊಮ್ಮೆ ಒಲೆಫಿನ್ ಎಂದೂ ಇರುತ್ತದೆ. ಇದು ಪ್ಲಾಸ್ಟಿಕ್ ದಾರ. ಸುಮಾರು 160 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕರಗುತ್ತದೆ, ಅದಕ್ಕೂ ಮೊದಲೇ ಮೆತ್ತಗಾಗಿ ಚಪ್ಪಟೆಯಾಗುತ್ತದೆ. ಇಸ್ತ್ರಿಪೆಟ್ಟಿಗೆಯಲ್ಲಿ ಹತ್ತಿಗೆಂದು ಇಟ್ಟಿರುವ ಶಾಖ 200 ಡಿಗ್ರಿಯ ಆಸುಪಾಸಿನದು. ಕರಗಿದ ಎಳೆಯನ್ನು ಯಾವ ಬ್ರಶ್ಶೂ ಮತ್ತೆ ಎಬ್ಬಿಸಲಾರದು.

ನೀರಿನ ಕೇಡು ನಿಧಾನವಾಗಿ ಕಂಡಿತು. ಇಂಥ ಕಾರ್ಪೆಟ್ಟುಗಳ ಬೆನ್ನಿನಲ್ಲಿ ಹಲವು ಸಲ ಸೆಣಬು ಇರುತ್ತದೆ. ಸೆಣಬು ಒದ್ದೆಯಾಗಿ ಬೇಗ ಒಣಗದಿದ್ದರೆ ಅದರೊಳಗಿನ ಕಂದು ಬಣ್ಣ ನೀರಿನ ಜೊತೆ ಏರಿ ಮುಂಬದಿಯ ಎಳೆಗಳ ತುದಿಗೆ ಬಂದು ನಿಲ್ಲುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಟವೆಲ್ಲೇ ಒಣಗುವುದಿಲ್ಲ, ಕಾರ್ಪೆಟ್ ಒಣಗುತ್ತದೆಯೇ? ತಿಳಿ ಬಣ್ಣದ ಅಂಚಿನಲ್ಲೆಲ್ಲ ಚಹಾ ಚೆಲ್ಲಿದಂಥ ಕಲೆಗಳು ಮೂಡಿದವು, ಆಮೇಲೆ ಬೂಷ್ಟಿನ ವಾಸನೆ.

ಮಾಲೀಕರಿಗೆ ಫೋನ್ ಮಾಡಿದರೆ, ‘ನಿಮ್ಮ ಮಾಲೇ ಕಳಪೆ ಮೇಡಂ’ ಎಂದರು. ಇದು ಶುದ್ಧ ಸುಳ್ಳು. ಪಾಲಿಪ್ರೊಪಿಲೀನ್ ಕಳಪೆಯಲ್ಲ, ಕಲೆ ಬೇಗ ಹಿಡಿಯದ, ಮಕ್ಕಳಿರುವ ಮನೆಗೆ ಹೊಂದುವ ದಾರ. ಅದಕ್ಕೆ ಶಾಖ ಆಗದು, ಅಷ್ಟೇ. ಅದು ಕಾರ್ಪೆಟ್ಟಿನ ಕೆಲಸ ಮಾಡುವವರಿಗೆ ಗೊತ್ತಿರಲೇಬೇಕಾದ ಮೊದಲ ಪಾಠ.

ಅತ್ತೆಯ ಕೋಣೆಗೆಂದು ಅದೇ ಬಗೆಯ ಚಿಕ್ಕ ಕಾರ್ಪೆಟ್ಟನ್ನೂ ತರಿಸಿದ್ದೆವು. ಅದರ ಮಡಿಕೆಗಳನ್ನು ಶಾಖವಿಲ್ಲದೆ, ನೀರಿಲ್ಲದೆ ನಾವೇ ತೆಗೆದೆವು. ಎಳೆಗಳಿರುವ ಬದಿ ಹೊರಗೆ ಬರುವಂತೆ ಸಡಿಲವಾಗಿ ಸುರುಳಿ ಸುತ್ತಿ, ಅಗಲವಾದ ಬಟ್ಟೆಪಟ್ಟಿಯಿಂದ ಕಟ್ಟಿಟ್ಟೆವು. ಬಿಗಿಯಾಗಿ ಸುತ್ತಬಾರದು, ಹಿಮ್ಮುಖವಾಗಿ ಮಡಚಲೂಬಾರದು. ಬೆನ್ನಿಗೆ ಬಳಿದ ರಬ್ಬರಿನ ಅಂಟು ಬಿರುಕುಬಿಡುತ್ತದೆ. ಬಿಚ್ಚಿ ಹಾಸಿದ ಮೇಲೆ ಉಳಿದ ಏರುಗಳ ಮೇಲೆ ಹಲಗೆಯಿಟ್ಟು ಅಕ್ಕಿಮೂಟೆ ಹೇರಿದೆವು. ಬಿಸಿಲಿರುವ ಕಾಲವಾದರೆ ಬೆನ್ನು ಮೇಲಾಗಿ ಸ್ವಲ್ಪ ಹೊತ್ತು ಹರಡಿದರೆ ಇನ್ನೂ ಬೇಗ ಆಗುತ್ತದೆ. ತಾಳ್ಮೆ ಬೇಕು, ಖರ್ಚಿಲ್ಲ. ಅದುವರೆಗೆ ವಯಸ್ಸಾದವರು ಓಡಾಡುವ ದಾರಿಯಿಂದ ಕಾರ್ಪೆಟ್ಟನ್ನು ದೂರವಿಡಿ. ಹಾಸುವಾಗ ಅಡಿಯಲ್ಲಿ ಜಾರದ ರಬ್ಬರ್ ಜಾಲರಿ ಇರಲಿ.

ಉಣ್ಣೆಯದಾದರೆ, ಬೆನ್ನಿನ ಕಡೆಯಿಂದ, ಹಿಂಡಿದ ಒದ್ದೆಬಟ್ಟೆಯ ಮೇಲೆ ಹದವಾದ ಶಾಖದಲ್ಲಿ ಇಸ್ತ್ರಿಯನ್ನು ಒತ್ತಿ ಒತ್ತಿ ಎತ್ತಬಹುದು. ಬಣ್ಣ ಬಿಡುತ್ತದೆಯೇ ಎಂದು ಮೂಲೆಯಲ್ಲಿ ಬಿಳಿಬಟ್ಟೆಯಿಂದ ಮೊದಲು ಪರೀಕ್ಷಿಸಿ. ರೇಷ್ಮೆಯಂತೆ ಹೊಳೆಯುವ ವಿಸ್ಕೋಸ್ ಕಾರ್ಪೆಟ್ಟಿಗಂತೂ ನೀರು ಸೋಕಿಸಲೇಬೇಡಿ. ಒದ್ದೆಯಾದರೆ ಅದರ ದಾರ ಬಲ ಕಳೆದುಕೊಳ್ಳುತ್ತದೆ, ಹಳದಿಗಟ್ಟುತ್ತದೆ.

ಹೊರಗಿನವರನ್ನು ಕರೆಯಲೇಬೇಕಾದರೆ ಚೀಟಿಯ ಫೋಟೋ ಮೊದಲೇ ಕಳಿಸಿ, ಯಾವ ದಾರ, ಏನು ಮಾಡುತ್ತೀರಿ ಎಂದು ಕೇಳಿ. ಉತ್ತರ ಬರಹದಲ್ಲಿ ಬರಲಿ. ಬಿಲ್ಲು ಕೊಡುವುದಿಲ್ಲ ಎನ್ನುವವರನ್ನು ಒಳಗೆ ಬಿಡಬೇಡಿ. ಕೆಲಸ ಕೆಡಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ 2 ವರ್ಷದೊಳಗೆ ದೂರು ಕೊಡಬಹುದು. ಪಾವತಿಸಿದ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಆಯೋಗದ ಶುಲ್ಕವಿಲ್ಲ. ಮುಂಗಡವನ್ನು ಮೊಬೈಲಿನಿಂದ ಕಳಿಸಿದ್ದರ ದಾಖಲೆ, ಕರಗಿದ ಪಟ್ಟಿಯ ಫೋಟೋಗಳು, ಮಾಲೀಕರ ಸಂದೇಶಗಳು ನಮ್ಮ ಬಳಿ ಇವೆ. ಅವನ್ನೆಲ್ಲ ಜೋಡಿಸಿ ದೂರು ಬರೆಯುತ್ತಿದ್ದೇವೆ.